ಇಪ್ಪತ್ತು ಮಕ್ಕಳು ಬೇಕಿದ್ದ ಜೂನ್

ಕೃಷ್ಣಗಿರಿಯಲ್ಲಿ ನಾನು ಬಾಡಿಗೆಗಿರುವ ಮನೆಯಿಂದ ಎರಡು ಬೀದಿಯಾಚೆ ಮಾವಿನ ತಿರುಳು ತೆಗೆಯುವ ಕಾರ್ಖಾನೆಯಿದೆ. ಜೂನ್ ಬಂತೆಂದರೆ ಅದರ ಮುಂದೆ ಲಾರಿಗಳು ಸಾಲುಗಟ್ಟುತ್ತವೆ. ಅಡಿಯಲ್ಲಿದ್ದ ಹಣ್ಣು ಒಡೆದು, ರಸ ರಸ್ತೆಗೆ ಸೋರಿ, ಬಿಸಿಲಿಗೆ ಹುಳಿಯೇರಿ, ಆ ವಾಸನೆ ನಮ್ಮ ಅಡುಗೆಮನೆಯ ತನಕ ಬರುತ್ತದೆ. ಮನೆಯ ಒಡತಿಗೆ ಅದೆಂದರೆ ಪ್ರಾಣ. ನಾನು ಕಿಟಕಿ ಮುಚ್ಚುತ್ತೇನೆ. ಮುಚ್ಚಿದ ಮೇಲೂ ಮೂಗಿಗೆ ಸೆರಗು ಹಿಡಿಯುತ್ತೇನೆ.

ಈ ಜೂನ್‌ನಲ್ಲಿ, ಈಗ ನಾನು ಕೆಲಸ ಮಾಡುವ ಶಾಲೆಗೆ ಒಂದು ನಮೂನೆ ಬಂತು. ಈ ವರ್ಷ ಎಷ್ಟು ಮಕ್ಕಳನ್ನು ಹೆಚ್ಚಿಗೆ ಸೇರಿಸುತ್ತೀರಿ, ಯಾವ ದಿನದೊಳಗೆ, ಯಾವ ಕೆಲಸದ ಮೂಲಕ ಎಂದು ಮೂರು ಖಾನೆಗಳು. ಸಹೋದ್ಯೋಗಿಗಳು ಚಹಾ ಕುಡಿಯುತ್ತಲೇ ತುಂಬಿ ಕೊಟ್ಟರು. ನನಗೆ ಎರಡು ದಿನ ಬೇಕಾಯಿತು. ಕೊಟ್ಟ ಮೇಲೂ ಸಮಾಧಾನವಿರಲಿಲ್ಲ. ಆ ಭಾನುವಾರ ಹೊಸೂರಿನ ಬಸ್ಸು ಹತ್ತಿದೆ. ನಾಲ್ಕು ವರ್ಷಗಳ ಹಿಂದೆ ಇಂಥದೇ ಸಂಖ್ಯೆಯನ್ನು ಯೋಚಿಸದೆ ಹೇಳಿಬಿಟ್ಟಿದ್ದೆ ನಾನು.

ನಾನು ಹೊಸೂರಿನ ಪಕ್ಕದ ಬಾಗಲೂರಿನವಳು, ತಮಿಳು ಸೀಮೆಯ ಕನ್ನಡದವಳು. ಪದವಿಯ ಮೇಲೆ ಶಿಕ್ಷಕರ ತರಬೇತಿಯನ್ನೂ ಮುಗಿಸಿ, ಎರಡು ವರ್ಷ ಮನೆಯಲ್ಲಿ ಕೂತು, ಕೊನೆಗೆ ಸಾನಮಾವು ಕಾಡಿನಂಚಿನ ಒಂದು ಊರಿನ ಸರ್ಕಾರಿ ಕನ್ನಡ ಶಾಲೆಗೆ ತಾತ್ಕಾಲಿಕ ಶಿಕ್ಷಕಿಯಾಗಿ ಸೇರಿದ್ದೆ. ಊರಿನ ಹೆಸರು ಬೇಡ. ಶಾಲೆಯಲ್ಲಿ ಇದ್ದದ್ದು ಇಬ್ಬರೇ. ನಾನು, ಮತ್ತು ನಿವೃತ್ತಿಗೆ ಹತ್ತಿರವಾಗಿದ್ದ ಹೆಡ್ ಮೇಷ್ಟ್ರು ನಾಗರಾಜಪ್ಪನವರು. ಮಕ್ಕಳು ಹನ್ನೊಂದು. ಊರಿನ ಮಿಕ್ಕ ಮಕ್ಕಳೆಲ್ಲ ಬೆಳಿಗ್ಗೆ ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಶಾಲೆಗಳಿಗೆ ಹೋಗಿಬಿಡುತ್ತಿದ್ದರು. ಸಂಖ್ಯೆ ಏರದಿದ್ದರೆ ನಮ್ಮ ಶಾಲೆಯನ್ನು ಪಕ್ಕದೂರಿನ ತಮಿಳು ಶಾಲೆಗೆ ಸೇರಿಸುತ್ತಾರೆ ಎಂಬ ಮಾತಿತ್ತು. ಸೇರಿಸಿದರೆ ನನ್ನ ಕೆಲಸವೂ ಹೋದಂತೆ.

ಶಾಲೆ ತೆರೆಯುವ ಮುನ್ನ ಹೊಸೂರಿನಲ್ಲಿ ಒಂದು ಸಭೆ ನಡೆಯಿತು. ಅಧಿಕಾರಿ ಒಂದೊಂದೇ ಶಾಲೆಯ ಹೆಸರು ಕೂಗಿ ಗುರಿ ಎಷ್ಟು ಎಂದು ಕೇಳುತ್ತಿದ್ದರು. ನಾಗರಾಜಪ್ಪನವರು ಎದ್ದು ನಿಂತು, "ಮುಯರ್ಚಿ ಪಣ್ಣುರೋಂ ಸಾರ್" ಎಂದರು, ಪ್ರಯತ್ನಪಡುತ್ತಿದ್ದೇವೆ ಎಂದು. ಅಧಿಕಾರಿ ತಲೆಯೆತ್ತಲಿಲ್ಲ. "ಮುಯರ್ಚಿ ಎಲ್ಲಾಂ ವೇಂಡಾಂ. ನಂಬರ್ ಸೊಲ್ಲುಂಗ." ಪ್ರಯತ್ನ ಬೇಡ, ನಂಬರ್ ಹೇಳಿ. ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಎದ್ದು ಹೇಳಿಬಿಟ್ಟೆ: "ಇರುಬದು ಸಾರ್. ಜೂನ್ ಕಡೈಸಿಕ್ಕುಳ್ಳೆ." ಇಪ್ಪತ್ತು, ಜೂನ್ ಕೊನೆಯೊಳಗೆ. ಯಾವ ಲೆಕ್ಕವೂ ಇಲ್ಲದೆ ಬಾಯಿಗೆ ಬಂದ ಸಂಖ್ಯೆ ಅದು. ಅಧಿಕಾರಿ ಬರೆದುಕೊಂಡರು. ಬರೆದುಕೊಂಡ ಮೇಲೆ ಅದು ನನ್ನದಾಯಿತು.

ಬಸ್ಸಿನಲ್ಲಿ ಮೇಷ್ಟ್ರು ಕೇಳಿದರು, "ಏನಮ್ಮಾ, ಹನ್ನೊಂದರ ಮೇಲೆ ಇನ್ನೊಂಬತ್ತು ಮಕ್ಳನ್ನ ನೀನೇ ಹೆತ್ತು ಕೊಡ್ತೀಯಾ?"

ಆದರೆ ನನಗೆ ಹುರುಪು ಬಂದಿತ್ತು. ಅಪ್ಪ ದುಡಿಯುತ್ತಿದ್ದ ಸ್ಕೂಟರ್ ಕಾರ್ಖಾನೆಯಲ್ಲಿ ಪ್ರತಿ ಸಾಲಿನ ಮುಂದೆ ಒಂದು ಬೋರ್ಡು ಇರುತ್ತಿತ್ತು. ಇಂದು ಎಷ್ಟು ಆಗಬೇಕು, ಎಷ್ಟು ಆಯಿತು ಎಂದು ಅದರಲ್ಲಿ ಬರೆಯುತ್ತಿದ್ದರು. ಅಪ್ಪ ಊಟಕ್ಕೆ ಕೂತಾಗ ಆ ಬೋರ್ಡಿನ ಮಾತೇ. ನಾನೂ ದಪ್ಪ ಹಾಳೆಯೊಂದನ್ನು ತರಗತಿಯ ಗೋಡೆಗೆ ಅಂಟಿಸಿ ಗೆರೆ ಎಳೆದೆ. ಭೇಟಿಕೊಟ್ಟ ಮನೆ, ಮಾತುಕೊಟ್ಟ ಮನೆ, ಸೇರಿದ ಮಗು, ಒಂಬತ್ತೂಕಾಲಿಗೆ ಹಾಜರಿದ್ದ ಮಗು. ವಾರಕ್ಕೆ ಹತ್ತು ಮನೆ, ಮೂರು ಮಕ್ಕಳು. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, "ಇದೇನಮ್ಮಾ, ಸ್ಕೂಟರ್ ತಯಾರ್ ಮಾಡ್ತಿದ್ದೀಯೋ?" ಎಂದು ನಕ್ಕರು. ನಗುತ್ತಲೇ ದಿನವೂ ಅದರ ಮುಂದೆ ನಿಲ್ಲುತ್ತಿದ್ದರು. ಎರಡನೆಯ ವಾರಕ್ಕೆ ಊರಿನಿಂದ ಎರಡು ಮಕ್ಕಳು ಸಿಕ್ಕರು, ಹದಿಮೂರಾಯಿತು. ಅಲ್ಲಿಗೆ ಊರು ಮುಗಿಯಿತು. ಬೇಕಿದ್ದದ್ದು ಇನ್ನೂ ಏಳು.

ಏಳು ಮಕ್ಕಳು ಇದ್ದದ್ದು ದೊಡ್ಡಿಯಲ್ಲಿ.

ದೊಡ್ಡಿ ಎಂದರೆ ಊರಿಂದ ಎರಡು ಕಿಲೋಮೀಟರ್ ಒಳಗೆ, ಗುಡ್ಡದ ಬುಡದಲ್ಲಿ ಒಂಬತ್ತು ಮನೆ. ವ್ಯಾನು ಹೋಗುವ ದಾರಿಯಲ್ಲ. ಕಾಡಿನ ಗಡಿಗೆ ತೋಡಿದ ಆನೆ ಕಂದಕದ ಪಕ್ಕದಲ್ಲೇ ಸಾಗಿ, ಒಂದು ಮಾವಿನ ತೋಪನ್ನು ಹಾದು ಬರಬೇಕು. ತಾಯಂದಿರು ಬೆಳಕು ಹರಿಯುವ ಮೊದಲೇ ಗುಲಾಬಿ ತೋಟದ ಕೆಲಸಕ್ಕೆ ಹೋಗಿಬಿಡುತ್ತಾರೆ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದದ್ದು ಹನುಮಕ್ಕಜ್ಜಿ. ಅವಳ ಮಗ ವೆಂಕಟೇಶ ಹೊಸೂರಿನಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದ. ಅವನ ಹಿರಿಯ ಮಗಳು ಭಾಗ್ಯ ಮೂರನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಕಿರಿಯವಳು ಚಿನ್ನಿಗೆ ಆಗ ತಾನೇ ಐದು ತುಂಬಿತ್ತು. ನಾನು ನಾಲ್ಕು ಸಲ ಹೋಗಿ ಕೂತು, ಮಜ್ಜಿಗೆ ಕುಡಿದು, ಭಾಗ್ಯಳದೂ ಸೇರಿ ಏಳು ಹೆಸರುಗಳನ್ನೂ ಬರೆಸಿಕೊಂಡೆ. ಇಪ್ಪತ್ತನೆಯ ಹೆಸರು ಚಿನ್ನಿಯದು.

ಮಕ್ಕಳು ಬಂದರು. ಆದರೆ ಒಂಬತ್ತೂಕಾಲಿಗೆ ಬರುತ್ತಿರಲಿಲ್ಲ, ಹತ್ತು ಗಂಟೆಗೆ ಬರುತ್ತಿದ್ದರು. ದೊಡ್ಡಿಯಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಏಳಕ್ಕೆ ಚನ್ನಪ್ಪ ಎಂಬವನು ಎಲ್ಲ ಮನೆಗಳ ಹಾಲನ್ನೂ ಮೊಪೆಡ್‌ಗೆ ಕಟ್ಟಿಕೊಂಡು ಊರಿನ ಡೈರಿಗೆ ಹೋಗುತ್ತಾನೆ. ಹೋಗುತ್ತ ಬರುತ್ತ ದಾರಿಯಲ್ಲಿ ಲದ್ದಿ, ಹೆಜ್ಜೆ, ಮುರಿದ ಕೊಂಬೆ ನೋಡುತ್ತಾನೆ. ಒಂಬತ್ತಕ್ಕೆ ವಾಪಸು ಬಂದು ದೊಡ್ಡಿಯ ಬಾಯಲ್ಲಿ ಖಾಲಿ ಕ್ಯಾನನ್ನು ಮೂರು ಸಲ ಬಡಿಯುತ್ತಾನೆ. ದಾರಿ ಸರಿಯಿದೆ ಎಂದು ಅದರ ಅರ್ಥ. ಕ್ಯಾನು ಬಡಿಯುವ ಮೊದಲು ಮಗುವಾಗಲಿ ಮುದುಕಿಯಾಗಲಿ ತೋಪಿನ ಕಡೆ ಕಾಲಿಡುವುದಿಲ್ಲ. ರಾಗಿ ಕಾಲದಲ್ಲಿ ಆನೆ ಹಿಂಡು ಇದ್ದಾಗ ಹುಟ್ಟಿದ ಪದ್ಧತಿ ಅದು. ವರ್ಷವಿಡೀ ಹಾಗೇ ನಡೆಯುತ್ತಿತ್ತು.

ನನ್ನ ಹಾಳೆಯ ಕೊನೆಯ ಖಾನೆ ಮಾತ್ರ ತುಂಬುತ್ತಿರಲಿಲ್ಲ. ಇನ್ನೊಂದು ಸಂಕಟವೂ ಇತ್ತು. ಶಾಲೆಯಲ್ಲಿ ಎಂಟೂವರೆಗೆ ಬೆಳಗಿನ ತಿಂಡಿ. ದೊಡ್ಡಿಯ ಮಕ್ಕಳು ಬರುವಷ್ಟರಲ್ಲಿ ಪಾತ್ರೆ ತೊಳೆದಿರುತ್ತಿತ್ತು. ಚಿನ್ನಿ ಬಂದವಳೇ ಅಡುಗೆ ಕೋಣೆಗೆ ಇಣುಕಿ ನೋಡಿ ಸುಮ್ಮನೆ ಕೂರುತ್ತಿದ್ದಳು.

ಜೂನ್ ಕೊನೆಯ ವಾರ ಅಧಿಕಾರಿಯಿಂದ ಫೋನ್ ಬಂತು. ನಾಳೆ ಒಂಬತ್ತಕ್ಕೆ ಬರುತ್ತಾರೆ, ತಲೆ ಎಣಿಸುತ್ತಾರೆ. ನಾನು ಭಾಗ್ಯಳಿಗೆ ಹೇಳಿಕಳಿಸಿದೆ, ಬೆಳಿಗ್ಗೆ ಎಲ್ಲರೂ ಎಂಟಕ್ಕೆ ಸಿದ್ಧವಾಗಿರಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು.

ಮಾರನೆಯ ದಿನ ಮೋಡವಿತ್ತು, ಮಳೆ ಇರಲಿಲ್ಲ. ಸ್ಕೂಟಿಯನ್ನು ತೋಪಿನ ಬೇಲಿಯ ಹತ್ತಿರ ನಿಲ್ಲಿಸಿ ಒಬ್ಬಳೇ ನಡೆದು ಹೋದೆ. ಹೋಗುವಾಗ ತೋಪಿನಲ್ಲಿ ಏನೂ ಇರಲಿಲ್ಲ. ಇದನ್ನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಏನೂ ಇರಲಿಲ್ಲ. ಗಿಳಿಗಳು ಕೂಗುತ್ತಿದ್ದವು.

ಮಕ್ಕಳು ಬ್ಯಾಗು ಹಾಕಿಕೊಂಡು ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ಹನುಮಕ್ಕಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಚನ್ನ ಇನ್ನೂ ಬಂದಿಲ್ಲ ಮೇಡಮ್ಮ."

"ಇವತ್ತೊಂದು ದಿನ ಅಜ್ಜಿ. ಹಿಂಡು ಮಾರ್ಚ್‌ನಲ್ಲೇ ವಾಪಸು ಹೋಯಿತು ಅಂತ ಫಾರೆಸ್ಟಿನವರೇ ಹೇಳಿದ್ದಾರೆ. ನಾನು ಈಗ ಅದೇ ದಾರಿಯಲ್ಲಿ ಬಂದೆನಲ್ಲ."

"ಹೋಗಿರಾದು ಹಿಂಡು ಕಣಮ್ಮ. ಒಂಟಿ ಸಲಗ ಹೋಯ್ತು ಅಂತ ಯಾರ್ ಕಂಡವ್ರೆ? ಹಣ್ಣಿನ್ ಕಾಲ ಬೇರೆ."

"ಇವತ್ತು ಎಣಿಸೋಕೆ ಬರ್ತಾರೆ ಅಜ್ಜಿ. ಇಪ್ಪತ್ತು ಇರದಿದ್ರೆ ಶಾಲೆ ಮುಚ್ಚುತ್ತಾರೆ. ಬೇಗ ಹೋದರೆ ಮಕ್ಕಳಿಗೆ ತಿಂಡಿಯೂ ಸಿಗುತ್ತೆ. ಬಿಸಿ ಪೊಂಗಲ್."

ಪೊಂಗಲ್ ಎಂದ ಕೂಡಲೇ ಚಿನ್ನಿ ಎದ್ದು ನಿಂತಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ನಡೀರಿ ಮತ್ತೆ, ನಾನೂ ಬತ್ತೀನಿ" ಎಂದಳು.

ಭಾಗ್ಯ ಮುಂದೆ, ನಾನು ನಡುವೆ, ಅಜ್ಜಿ ಕೊನೆಗೆ. ತೋಪಿನ ಒಳಗೆ ಅರ್ಧ ಬಂದಿದ್ದೆವು. ಮೊದಲು ಬಂದದ್ದು ವಾಸನೆ. ಜಜ್ಜಿದ ಮಾವಿನ ಹಣ್ಣಿನ ವಾಸನೆ, ಮೂಗಿಗೆ ಅಡರುವಷ್ಟು. ಭಾಗ್ಯ ನಿಂತಳು. ದಾರಿಯ ಪಕ್ಕ ಒಂದು ಕೊಂಬೆ ತೊಗಟೆ ಸಮೇತ ಇಳಿದು ನೇತಾಡುತ್ತಿತ್ತು. ನೆಲದ ತುಂಬ ಎಲೆ.

"ಮಿಸ್, ಯಾರೋ ಹಣ್ಣು ತಿಂದವ್ರೆ."

ಗಡಿಯಾರ ನೋಡಿದೆ. ಎಂಟೂ ಹತ್ತು. "ಕೋತಿ ಕಣೇ. ನಡಿ, ನಡಿ."

ಹಿಂದಿನಿಂದ ಅಜ್ಜಿಯ ದನಿ ಸಣ್ಣಗೆ ಬಂತು. "ಕೋತಿ ಸಿಪ್ಪೆ ಉಗುಳ್ತವೆ, ವಾಟೆ ಬಿಸಾಕ್ತವೆ. ಇಲ್ಲಿ ಎಲ್ಲವ್ವ ಸಿಪ್ಪೆ? ಎಲ್ಲೈತೆ ವಾಟೆ?"

ಆಗ ನೋಡಿದೆ. ಗಾಳಿಯೇ ಇರಲಿಲ್ಲ, ಆದರೂ ಎದುರಿನ ಮರದ ಒಂದು ಕೊಂಬೆ ಅಲ್ಲಾಡಿತು. ಕೊಂಬೆಯ ಕೆಳಗೆ ಒಂದು ಕಾಲು ಇತ್ತು. ಕಾಲನ್ನು ಕಂಡ ಮೇಲೆ ಮಿಕ್ಕದ್ದೆಲ್ಲ ಕಂಡಿತು. ಕಿವಿ, ಮಣ್ಣು ಮೆತ್ತಿದ ಬೆನ್ನು, ಒಂದೇ ದಂತ. ಮೂವತ್ತು ಹೆಜ್ಜೆ ಇದ್ದೀತು. ಅದು ಹಣ್ಣು ತಿನ್ನುವುದನ್ನು ನಿಲ್ಲಿಸಿತ್ತು.

"ಯಾರೂ ಉಸಿರು ಬಿಡ್ಬ್ಯಾಡಿ. ಅದ್ರ ಮಕ ನೋಡ್ಕೊಂಡೇ ಹಿಂದಕ್ಕೆ ಬನ್ನಿ, ಒಂದೊಂದೇ ಹೆಜ್ಜೆ," ಎಂದಳು ಅಜ್ಜಿ. ಮಕ್ಕಳು ಹಾಗೇ ಮಾಡಿದರು. ಅವರಿಗೆ ಇದೆಲ್ಲ ಗೊತ್ತಿತ್ತು. ಏಳು ಮಕ್ಕಳು ಸದ್ದಿಲ್ಲದೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. ನಾಲ್ಕೋ ಐದೋ ಹೆಜ್ಜೆ ಆಗಿತ್ತು. ಹಾಗೇ ಬಿಟ್ಟಿದ್ದರೆ ಆಗಿಹೋಗುತ್ತಿತ್ತು.

ನಾನು ಕಿರುಚಿದೆ. "ಓಡಿ!"

ಆನೆ ಬಂತು. ಅಷ್ಟು ದೊಡ್ಡದು ಅಷ್ಟು ಬೇಗ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮಕ್ಕಳು ಚೆಲ್ಲಾಪಿಲ್ಲಿಯಾದರು. ನಾನು ಓಡಿದೆ. ಯಾವ ಮಗುವಿನ ಕೈಯೂ ನನ್ನ ಕೈಯಲ್ಲಿರಲಿಲ್ಲ. ಪಂಪ್‌ಸೆಟ್ಟಿನ ಕೋಣೆಯ ಹಿಂದೆ ಬಿದ್ದು ತಿರುಗಿ ನೋಡಿದಾಗ ದಾರಿಯಲ್ಲಿ ಉಳಿದಿದ್ದವಳು ಅಜ್ಜಿ ಒಬ್ಬಳೇ. ಅವಳು ಓಡಿರಲಿಲ್ಲ. ಮಕ್ಕಳು ಓಡಿದ ದಿಕ್ಕಿಗೆ ಆನೆ ತಿರುಗದಂತೆ ಕೈ ಬೀಸುತ್ತ ಕಂದಕದ ಕಡೆ ಅಡ್ಡಡ್ಡ ಸರಿಯುತ್ತಿದ್ದಳು. ಆಮೇಲೆ ಅವಳು ಕಾಣಲಿಲ್ಲ. ಆನೆ ಕಂದಕದ ಅಂಚಿಗೆ ಬಂದು ನಿಂತಿತು. ಸೊಂಡಿಲನ್ನು ಒಳಗೆ ಇಳಿಬಿಟ್ಟು ಮೂಸಿತು. ಅದರ ಉಸಿರು ನನಗೆ ಕೇಳುತ್ತಿತ್ತು. ಎಷ್ಟು ಹೊತ್ತು ನಿಂತಿತ್ತೋ, ಆಮೇಲೆ ಏನೂ ಆಗದ ಹಾಗೆ ಕಂದಕದ ಅಂಚು ಹಿಡಿದು ಗುಡ್ಡದ ಕಡೆ ನಡೆದುಹೋಯಿತು.

ಅಜ್ಜಿ ಕಂದಕದ ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದಳು. "ಕಾಲು ಹೋಯ್ತು ಕಣಮ್ಮ. ನನ್ ಬುಡು, ಮಕ್ಳ ನೋಡು."

ಮಕ್ಕಳು ಮರದ ಮರೆಯಿಂದ, ಬೇಲಿಯ ಸಂದಿಯಿಂದ ಒಬ್ಬೊಬ್ಬರೇ ಬಂದರು. ಎಣಿಸಿದೆ. ಆರು. ಮತ್ತೆ ಎಣಿಸಿದೆ. ತಲೆ ಮುಟ್ಟಿ ಮುಟ್ಟಿ ಎಣಿಸಿದೆ. ಆರು. ಇಡೀ ತಿಂಗಳು ಎಣಿಸುವುದೇ ನನ್ನ ಕೆಲಸವಾಗಿತ್ತು. ಹೀಗೆ ಎಣಿಸಿರಲಿಲ್ಲ.

ಚಿನ್ನಿ ಇರಲಿಲ್ಲ.

ಮೊಪೆಡ್ ಸದ್ದು ಕೇಳಿತು. ಚನ್ನಪ್ಪ ಡೈರಿಯಿಂದ ಬೇಗ ಬಂದಿದ್ದ. ನಮ್ಮನ್ನು ನೋಡಿ ಗಾಡಿಯನ್ನು ಅಲ್ಲೇ ಬೀಳಿಸಿ ಓಡಿಬಂದ. "ಕ್ಯಾನೇ ಬಡಿದಿಲ್ವಲ್ಲಾ! ಯಾರು ಹೊರಡ್ಸಿದ್ದು ಮಕ್ಳನ್ನ? ಯಾರ್ ಹೇಳಿದ್ದು?"

ಭಾಗ್ಯ ನನ್ನನ್ನು ನೋಡಿದಳು. ನಾನು ಬಾಯಿ ತೆರೆದೆ. ಮಾತು ಬರುವ ಮೊದಲೇ ಕಂದಕದೊಳಗಿಂದ ಅಜ್ಜಿಯ ದನಿ ಬಂತು.

"ನಾನೇ ಕಣ್ಲಾ ಚನ್ನಾ. ಆಸ್ಪತ್ರೆಗೆ ಹೋಗಾದಿತ್ತು, ಬಿರ್ನೆ ಬನ್ನಿ ಅಂತ ನಾನೇ ಹೊರಡ್ಸ್ದೆ. ಮೇಡಮ್ಮ ಪಾಪ ಎದುರಿಗೆ ಸಿಕ್ಕುದ್ಲು."

ನಾನು ಬಾಯಿ ಮುಚ್ಚಿದೆ.

ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಚನ್ನಪ್ಪ ಜನರನ್ನು ಕರೆತರಲು ಊರಿಗೆ ತಿರುಗಿದ. ಮಿಕ್ಕ ಮಕ್ಕಳನ್ನು ಪಂಪ್‌ಸೆಟ್ಟಿನ ಕೋಣೆಯ ಹಿಂದೆ ಕೂರಿಸಿ, ನಾನು ಮತ್ತು ಭಾಗ್ಯ ತೋಪಿನ ಒಂದೊಂದು ಸಾಲನ್ನೂ ಹುಡುಕಿದೆವು. ಕೂಗಲು ಹೆದರಿಕೆ, ಕೂಗದಿರಲೂ ಹೆದರಿಕೆ. ಒಂದು ಕಡೆ ಚಿನ್ನಿಯ ಲಂಗದಂಥ ನೀಲಿ ಬಣ್ಣದ್ದೇನೋ ಕಂಡಿತು. ಹತ್ತಿರ ಹೋದರೆ ಗೊಬ್ಬರದ ಖಾಲಿ ಚೀಲ. ಅರ್ಧ ಗಂಟೆಯೇ ಆಗಿರಬೇಕು. ನನಗೆ ಆ ಅರ್ಧ ಗಂಟೆ ಇನ್ನೂ ಮುಗಿದಿಲ್ಲ.

ಕೊನೆಗೆ ಬೇಲಿಯ ಕಡೆಯಿಂದ ಚನ್ನಪ್ಪ ಅರಚಿದ. "ಐತೆ ಕಣಮ್ಮಾ, ಮಗು ಐತೆ! ಇಸ್ಕೂಲ್ನಾಗೆ ಕೂತ್ಕಂಡು ಪೊಂಗಲ್ ತಿಂತಾವ್ಳೆ!"

ಓಡಿ ಎಂದು ನಾನು ಕಿರುಚಿದಾಗ ಚಿನ್ನಿ ಹೊಲದ ಬದುವಿನ ಒಳದಾರಿ ಹಿಡಿದು, ಒಂದು ಕಡೆಯೂ ನಿಲ್ಲದೆ, ನೇರ ಶಾಲೆಗೆ ಓಡಿದ್ದಳು. ಯಾರಿಗೂ ಏನೂ ಹೇಳಿರಲಿಲ್ಲ. ಚನ್ನಪ್ಪ ಹೋಗಿ ಹೇಳುವ ತನಕ ನಾಗರಾಜಪ್ಪನವರು ಮಿಕ್ಕವರು ಹಿಂದೆ ಬರುತ್ತಿದ್ದಾರೆ ಎಂದುಕೊಂಡಿದ್ದರು. ನಾನು ಶಾಲೆ ತಲುಪಿದಾಗ ಅವಳು ಕೈ ತೊಳೆದುಕೊಂಡು ನನ್ನ ಸೀರೆ ಹಿಡಿದು, "ಮಿಸ್, ದೊಡ್ ಸಾರು ನನ್ನ ಎಣಿಸಿದ್ರು" ಎಂದಳು.

ಅಧಿಕಾರಿ ಒಳ್ಳೆಯ ಮನುಷ್ಯ. ಆಂಬ್ಯುಲೆನ್ಸಿಗೆ ಅವರೇ ಫೋನ್ ಮಾಡಿದರು, ಗಾಬರಿಗೊಂಡ ಮಕ್ಕಳಿಗೆ ನೀರು ಕೊಟ್ಟರು. ಏಳು ಮಕ್ಕಳ ಹೆಸರೂ ದಾಖಲೆಯಲ್ಲಿ ಇದ್ದುದನ್ನು ನೋಡಿ ಇಪ್ಪತ್ತು ಎಂದೇ ಬರೆದುಕೊಂಡರು. ಅವರು ಹೊರಟ ಮೇಲೆ ಮೇಷ್ಟ್ರು ನನ್ನನ್ನು ಬದಿಗೆ ಕರೆದು ಕೇಳಿದರು.

"ಅಜ್ಜೀನೇ ಹೊರಡಿಸಿದ್ದಂತೆ, ಹೌದೇನಮ್ಮಾ?"

"ಹೂಂ ಸಾರ್," ಎಂದೆ.

ಆನೆ ಬಂದದ್ದು ನನ್ನ ಕನಸಿನಲ್ಲಿ ಬರುತ್ತದೆ. ಈ "ಹೂಂ" ಎಚ್ಚರದಲ್ಲೇ ಬರುತ್ತದೆ. ಪಾಠ ಮಾಡುವಾಗ, ಅನ್ನಕ್ಕೆ ಸಾರು ಕಲಸುವಾಗ.

ಅಜ್ಜಿಗೆ ಸೊಂಟದ ಮೂಳೆ ಮುರಿದಿತ್ತು. ಹೊಸೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ನೋಡಲು ಹೋದ ದಿನ ಯಾರೂ ಇಲ್ಲದ ಹೊತ್ತು ನೋಡಿ ಅವಳ ಕಾಲ ಬಳಿ ಕೂತು ಅತ್ತೆ. ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ. ಅವಳಿಗೆ ಸಿಟ್ಟು ಬಂತು. "ಹೇಳಿ? ನಿನ್ನ ಎತ್ತಂಗಡಿ ಮಾಡುದ್ರೆ ಬರೋರ್ಯಾರು ಆ ಕಾಡ್ಗೆ? ಈಗ ತಾನೆ ಮಗು ಅಕ್ಸರ ಹಿಡೀತಾ ಐತೆ. ಸುಮ್ಕೆ ಹೋಗಿ ಪಾಠ ಮಾಡು ಹೋಗು." ನಾನು ಹೋಗಿ ಪಾಠ ಮಾಡಿದೆ. ಅವಳ ಮಾತಿಗೆ ಬೆಲೆ ಕೊಟ್ಟೆನೋ, ನನಗೆ ಅನುಕೂಲವಾದದ್ದನ್ನು ಹಿಡಿದುಕೊಂಡೆನೋ, ಇಂದಿಗೂ ಹೇಳಲಾರೆ.

ಮುಂದಿನ ವಾರದಿಂದ ದೊಡ್ಡಿಯ ಮಕ್ಕಳು ಕ್ಯಾನು ಬಡಿದ ಮೇಲೆಯೇ ಹೊರಟು ಹತ್ತಕ್ಕೆ ಬರತೊಡಗಿದರು. ಅವರ ಪಾಲಿನ ತಿಂಡಿಯನ್ನು ಮೇಷ್ಟ್ರು ಒಂದು ಪಾತ್ರೆಯಲ್ಲಿ ತೆಗೆದು ತಟ್ಟೆ ಮುಚ್ಚಿ ಇಡಿಸಿದರು. ಅಷ್ಟೇ. ಒಂದು ಪಾತ್ರೆ, ಒಂದು ತಟ್ಟೆ. ಆ ತಿಂಗಳಿಡೀ ನನಗೆ ಅದು ಹೊಳೆದಿರಲಿಲ್ಲ. ಗೋಡೆಯ ಹಾಳೆಯನ್ನು ನಾನೇ ಕಿತ್ತು ಮಡಿಸಿಟ್ಟೆ. ಶಾಲೆ ಉಳಿಯಿತು. ಎರಡು ವರ್ಷದ ಮೇಲೆ ನನಗೆ ಕೃಷ್ಣಗಿರಿಯಲ್ಲಿ ಕೆಲಸ ಸಿಕ್ಕಿತು.

ಕಳೆದ ಚಳಿಗಾಲದಲ್ಲಿ ಹನುಮಕ್ಕಜ್ಜಿ ತೀರಿಕೊಂಡಳೆಂದು ನಾಗರಾಜಪ್ಪನವರು ಫೋನಿನಲ್ಲಿ ಹೇಳಿದರು. ಜ್ವರ ಬಂದು, ಎರಡು ದಿನದಲ್ಲಿ. ಆಗಲೇ ಹೋಗಬೇಕಿತ್ತು. ನನಗಾಗಿ ಸುಳ್ಳು ಹೇಳಿದವಳು ಹೋದ ಮೇಲೆ ಆ ಸುಳ್ಳಿಗೆ ನಾನೊಬ್ಬಳೇ ವಾರಸುದಾರಳು. ಅದನ್ನು ಅವಳ ಮಗನಿಗೆ ಹೇಳಿಬಿಡಬೇಕು ಎಂದುಕೊಂಡೇ ಆ ಭಾನುವಾರ ದೊಡ್ಡಿಗೆ ಹೋದದ್ದು.

ನಡುಮಧ್ಯಾಹ್ನ ಊರಿನ ಇಬ್ಬರು ಹೆಂಗಸರ ಜೊತೆ ತೋಪು ದಾಟಿದೆ. ಅವರು ಮಾತಾಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ. ವೆಂಕಟೇಶ ಮನೆಯಲ್ಲಿದ್ದ. ಭಾಗ್ಯ ಈಗ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಾಳೆ. ಚಿನ್ನಿ ಎಲ್ಲೋ ಆಡಲು ಹೋಗಿದ್ದಳು. ಅವನ ಹೆಂಡತಿ ಚಹಾ ಕೊಟ್ಟು ಒಳಗೆ ಹೋದ ಮೇಲೆ, ತಯಾರು ಮಾಡಿಕೊಂಡಿದ್ದ ಮಾತೆಲ್ಲ ಮರೆತು ಒಂದೇ ಉಸಿರಿನಲ್ಲಿ ಹೇಳಿದೆ.

"ಅಣ್ಣಾ, ಅವತ್ತು ಮಕ್ಕಳನ್ನು ಹೊರಡಿಸಿದ್ದು ಅಜ್ಜಿ ಅಲ್ಲ. ನಾನು."

ಅವನು ಲೋಟ ಕೆಳಗಿಟ್ಟ. "ಗೊತ್ತು."

"ಭಾಗ್ಯ ಹೇಳಿದಳಾ?"

"ಅವ್ಳ್ಯಾಕ್ ಹೇಳ್ಬೇಕು? ನಂಗೇ ಕೇಳ್ಸ್ತು. ನಂಗೆ ಅವತ್ತು ಸೆಕೆಂಡ್ ಶಿಫ್ಟು, ಒಳ್ಗೇ ಮಲ್ಗಿದ್ದೆ." ಅವನು ಅಂಗಳದ ಕಡೆ ನೋಡುತ್ತಿದ್ದ. "ಅವ್ವ ಬ್ಯಾಡ ಅಂದ್ಲು. ನೀನು ಎಣಿಸಾಕ್ ಬತ್ತಾರೆ ಅಂದೆ. ತಿಂಡಿ ಸಿಗ್ತದೆ ಅಂದೆ. ಎಲ್ಲಾ ಕೇಳ್ಸ್ತು. ಎದ್ದು ಬಂದು, ಕ್ಯಾನು ಬಡೀಲಿ ತಡಿಯಮ್ಮ ಅಂತ ಒಂದ್ ಮಾತು ಅನ್ಬೋದಾಗಿತ್ತು. ಓಗ್ಲಿ ಬುಡು, ಮಕ್ಳು ಬಿಸಿ ತಿಂತವೆ ಅಂದ್ಕಂಡು ಮಗ್ಗುಲು ತಿರುಗ್ಕಂಡೆ."

ಹಗುರಾಗಲು ಬಂದವಳು ನಾನು. ಎದುರಿಗೆ ಕೂತವನು ನಾಲ್ಕು ವರ್ಷದಿಂದ ಇಂಥವಳೊಬ್ಬಳು ಬರಲಿ ಎಂದು ಕಾದಿದ್ದವನ ಹಾಗೆ ಕಂಡ.

"ಅವ್ವ ಸಾಯಾಗಂಟ ಕೇಳಾಕಾಗ್ನಿಲ್ಲ ನಂಗೆ," ಎಂದ. "ಆಸ್ಪತ್ರೇಲಿ ನಿನ್ನತ್ರ ಮಾತಾಡ್ತಿದ್ಲಲ್ಲ. ಏನಾರ ಅಂದ್ಲಾ ಮೇಡಮ್ಮ? ನಾನು ಎಚ್ರವಾಗಿದ್ದೆ ಅಂತ ಅವ್ಳ್ಗೆ ಗೊತ್ತಿತ್ತಾ?"

ಆಗ ನೆನಪಾಯಿತು. ಆ ಬೆಳಿಗ್ಗೆ, ಒಪ್ಪಿಕೊಳ್ಳುವ ಮೊದಲು, ಅಜ್ಜಿ ಸುಮ್ಮನಿದ್ದಳಲ್ಲ, ಆ ಹೊತ್ತಿನಲ್ಲಿ ಅವಳು ನನ್ನನ್ನು ನೋಡುತ್ತಿರಲಿಲ್ಲ. ತಿರುಗಿ ಮನೆಯೊಳಗಿನ ಕತ್ತಲನ್ನು ನೋಡುತ್ತಿದ್ದಳು, ಒಳಗಿನಿಂದ ಯಾರಾದರೂ ಒಂದು ಮಾತು ಹೇಳಲಿ ಎಂದು ಕಾಯುವವಳ ಹಾಗೆ. ಕಾದು, ಬಾರದೆ, ಆಮೇಲೆ ಸೆರಗು ಸಿಕ್ಕಿಸಿದ್ದಳು.

ವೆಂಕಟೇಶ ನನ್ನ ಮುಖವನ್ನೇ ನೋಡುತ್ತಿದ್ದ.

"ಇಲ್ಲಣ್ಣಾ," ಎಂದೆ. "ಅಜ್ಜಿಗೆ ಗೊತ್ತಿರಲಿಲ್ಲ. ನೀನು ಗಾಢ ನಿದ್ದೆಯಲ್ಲಿದ್ದೀಯ ಅಂತಲೇ ಅಂದುಕೊಂಡಿದ್ದಳು."